ಹಳೆಯ ಮೋಟಾರಿನ ದೀಪ

ಹಳೆಯ ಮೋಟಾರು ಕಾರೊಂದನ್ನು ಮನೆಯಲ್ಲಿ ಉಳಿಸಿಕೊಂಡು ಬಂದಿರುವ ಗೃಹಸ್ಥರಿಗೆ ಎಂಜಿನ್ನಿನ ಕಾಯಿಲೆಗಳು ಅಷ್ಟಾಗಿ ಅಂಜಿಕೆಯನ್ನುಂಟುಮಾಡುವುದಿಲ್ಲ. ಎಂಜಿನ್ನಿನ ನೋವು ಕಿವಿಗೆ ಕೇಳಿಸುತ್ತದೆ. ಮೂಗಿಗೆ ವಾಸನೆಯಾಗಿ ತಿಳಿಯುತ್ತದೆ. ನೆಲದ ಮೇಲೆ ತೊಟ್ಟಿಕ್ಕಿದ ಎಣ್ಣೆಯಾಗಿ ಕಣ್ಣಿಗೂ ಬೀಳುತ್ತದೆ. ವಿದ್ಯುತ್ತಿನ ಕಾಯಿಲೆಯ ರೀತಿಯೇ ಬೇರೆ. ನಿನ್ನೆ ರಾತ್ರಿ ಹೊತ್ತಿದ ದೀಪ ಈ ರಾತ್ರಿ ಹೊತ್ತುವುದಿಲ್ಲ. ಬಾನೆಟ್ಟನ್ನೆತ್ತಿ ನೋಡಿದರೆ ತಂತಿಗಳೆಲ್ಲವೂ ನಿನ್ನೆ ಇದ್ದಂತೆಯೇ ಇರುತ್ತವೆ. ದೀಪದ ಮೇಲೊಂದು ಪೆಟ್ಟು ಕೊಟ್ಟರೆ ಹೊತ್ತಿಕೊಳ್ಳುತ್ತದೆ. ಮುಂದಿನ ಹಳ್ಳದಲ್ಲಿ ಚಕ್ರವಿಳಿದೊಡನೆ ಆರಿಹೋಗುತ್ತದೆ. ಇಂಥದನ್ನು ಗ್ರಹಚಾರವೆಂದು ಕರೆದು ಸುಮ್ಮನಾಗುವವರುಂಟು. ಗ್ರಹಚಾರಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲವೆಂಬುದನ್ನೂ, ತಾಳ್ಮೆಯುಳ್ಳ ಗೃಹಸ್ಥನಿಗೆ ಇದರ ಮೂಲವು ಸಿಕ್ಕಿಯೇ ಸಿಕ್ಕುವುದೆಂಬುದನ್ನೂ ನಮ್ಮ ಅನುಭವವನ್ನು ಮುಂದಿಟ್ಟುಕೊಂಡು ವಾಚಕರಲ್ಲಿ ನಿವೇದಿಸಬೇಕೆಂದಿದ್ದೇವೆ.

ನಮ್ಮ ಮನೆಯಿರುವುದು ಬಸವೇಶ್ವರನಗರದಲ್ಲಿ. ಮನೆಯ ಮುಂದಿನ ಹೊಂಗೆಯ ನೆರಳಿನಲ್ಲಿ ನಿಂತಿರುವುದು ೧೯೮೪ರ ಪ್ರೀಮಿಯರ್ ಪದ್ಮಿನಿ. ಇಟಲಿ ದೇಶದ ಫಿಯಟ್ ೧೧೦೦ ಎಂಬ ಕಾರನ್ನೇ ಮುಂಬಯಿಯ ಪ್ರೀಮಿಯರ್ ಸಂಸ್ಥೆಯವರು ಕುರ್ಲಾದ ತಮ್ಮ ಕಾರ್ಖಾನೆಯಲ್ಲಿ ತಯಾರಿಸಿ, ೧೯೭೪ರಿಂದ ಅದಕ್ಕೆ ಚಿತ್ತೂರಿನ ರಾಣಿಯ ಹೆಸರನ್ನಿಟ್ಟು ಮಾರಿದರು. ಈ ಶತಮಾನದ ಆರಂಭದೊಡನೆ ಅದರ ತಯಾರಿಕೆ ನಿಂತುಹೋಯಿತು. ಮುಂಬಯಿಯ ಬೀದಿಗಳಲ್ಲಿ ಕಪ್ಪು ಹಳದಿ ಬಣ್ಣದಿಂದ ಓಡಾಡುತ್ತಿದ್ದ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ೨೦೨೩ರ ಅಕ್ಟೋಬರಿನಲ್ಲಿ ನಿವೃತ್ತಿ ಹೊಂದಿದುದನ್ನು ವಾಚಕರು ವೃತ್ತಪತ್ರಿಕೆಗಳಲ್ಲಿ ಓದಿರಬಹುದು. ನಮ್ಮದನ್ನು ಕೊಂಡವರು ನಮ್ಮ ತಂದೆಯವರು. ಅವರು ಹೋದಮೇಲೆ ಅದನ್ನು ಮಾರಲು ಮನೆಯಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಅದನ್ನೇರಿ ರಾತ್ರಿ ಪ್ರಯಾಣ ಮಾಡುವ ಧೈರ್ಯವೂ ಬರಲಿಲ್ಲ. ಈ ಎರಡರ ನಡುವೆ ಅದು ಕೆಲವು ವರ್ಷ ನಿಂತೇ ಇತ್ತು.

ಧೈರ್ಯ ಬಾರದಿದ್ದುದಕ್ಕೆ ಕಾರಣವುಂಟು. ಒಂದು ಆಷಾಢದ ಸಂಜೆ ಕೆಂಗೇರಿಯ ಬಂಧುಗಳ ಮನೆಯಿಂದ ಮೈಸೂರು ರಸ್ತೆಯಲ್ಲಿ ಹಿಂತಿರುಗುತ್ತಿದ್ದೆವು. ಹಿಂದಿನ ಆಸನದಲ್ಲಿ ಎಂಬತ್ತು ದಾಟಿದ ತಾಯಿಯವರೂ ಇಬ್ಬರು ಮಕ್ಕಳೂ ಇದ್ದರು. ಮಳೆಯ ರಭಸ, ಒರೆಸುವ ಕಡ್ಡಿಗಳು ಗಾಜಿನ ಮೇಲೆ ಆಲಸ್ಯದಿಂದ ತೆವಳುತ್ತಿದ್ದವು. ಎಡಗಡೆಯ ದೀಪ ಮೊದಲೇ ಮಂಕಾಗಿದ್ದದ್ದು, ಪಿಣಿಪಿಣಿ ಎನ್ನುವಷ್ಟಕ್ಕೆ ಇಳಿಯಿತು. ಮೆಟ್ರೋ ಕಂಬಗಳ ನೆರಳು ಬಿದ್ದ ಕಡೆಯಲ್ಲಿ ರಸ್ತೆಯ ಅಂಚು ಕಾಣಿಸಲೇ ಇಲ್ಲ. ಬ್ರೇಕನ್ನು ತುಳಿದಾಗಲೆಲ್ಲ ನಮ್ಮ ಹಿಂದಿನ ಗಾಡಿಯವನು ಹಾರನ್ನು ಬಾರಿಸುತ್ತಿದ್ದನು. ಮಳೆ ತಗ್ಗಿದ ಮೇಲೆ ಅವನು ಪಕ್ಕಕ್ಕೆ ಬಂದು ಹೇಳಿದ ಮೇಲಷ್ಟೇ ಕಾರಣ ತಿಳಿಯಿತು: ಬ್ರೇಕು ತುಳಿದರೆ ಕೆಂಪು ದೀಪ ಉರಿಯುವುದಕ್ಕೆ ಬದಲಾಗಿ ಬಲಗಡೆಗೆ ತಿರುಗುವ ಸೂಚನೆಯ ದೀಪ ಮಂಕಾಗಿ ಹೊತ್ತುತ್ತಿತ್ತಂತೆ. ಹಿಂದಿನವನು ಅದನ್ನು ನಂಬಿ ಎಡಕ್ಕೆ ನುಗ್ಗಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದು ನಮ್ಮ ತಾಯಿಯವರು ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಗಾಡಿಯನ್ನು ನಗರದ ಒಂದು ದೊಡ್ಡ ರಿಪೇರಿ ಶಾಲೆಗೆ ಒಯ್ದೆವು. ಅಲ್ಲಿಯ ಯುವಕರು ಸಭ್ಯರೇ. ಆದರೆ ಅವರ ಕೈಯಲ್ಲಿದ್ದ ಪರೀಕ್ಷಾಯಂತ್ರವನ್ನು ಸಿಕ್ಕಿಸಲು ನಮ್ಮ ಕಾರಿನಲ್ಲಿ ರಂಧ್ರವೇ ಇರಲಿಲ್ಲ. ಅವರು ಅತ್ತಿತ್ತ ನೋಡಿ, ಇಡೀ ತಂತಿಯ ಕಟ್ಟನ್ನೇ ಕಿತ್ತು ಹೊಸದಾಗಿ ಹಾಕಬೇಕು, ಇಲ್ಲವೆ ಗಾಡಿಯನ್ನು ಗುಜರಿಗೆ ಕೊಡಬೇಕು ಎಂದರು. ಅವರು ಹೇಳಿದ ಮೊತ್ತವನ್ನು ಇಲ್ಲಿ ಬರೆದು ವಾಚಕರ ನಿದ್ದೆ ಕೆಡಿಸುವುದಿಲ್ಲ. ರೋಗವಾವುದೆಂದು ಕೇಳಿದ್ದಕ್ಕೆ ಮಾತ್ರ ಉತ್ತರ ಬರಲಿಲ್ಲ. ರೋಗದ ಹೆಸರನ್ನು ಹೇಳದೆ ಕೈಕಾಲು ಕತ್ತರಿಸಲು ಹೊರಡುವ ವೈದ್ಯರನ್ನು ಕಂಡರೆ ನಮಗೆ ಮೊದಲಿನಿಂದಲೂ ಅಪನಂಬಿಕೆ.

ಬಳಿಕ ದೊರೆತವರು ಕಾಮಾಕ್ಷಿಪಾಳ್ಯದ ಒಂದು ಓಣಿಯಲ್ಲಿ ಅಂಗಡಿಯಿಟ್ಟಿರುವ ಹಿರಿಯರು. ತಮ್ಮ ಹೆಸರನ್ನು ಅಚ್ಚು ಹಾಕಿಸಬಾರದೆಂದು ಕೇಳಿಕೊಂಡಿರುವುದರಿಂದ ಹಿರಿಯರೆಂದೇ ಕರೆಯುತ್ತೇವೆ. ಅವರ ಬಳಿಯಿದ್ದದ್ದು ಎರಡು ಉಪಕರಣಗಳು: ಎರಡು ತಂತಿಗಳನ್ನು ಬೆಸೆದ ಒಂದು ಸಣ್ಣ ಬಲ್ಬು, ಮತ್ತು ವೋಲ್ಟು ಅಳೆಯುವ ಮೀಟರು. ಅವರು ದೀಪವನ್ನು ಮುಟ್ಟಲೇ ಇಲ್ಲ. ನೇರವಾಗಿ ಬ್ಯಾಟರಿಯ ಬಳಿಗೆ ಹೋದರು. ಏತಕ್ಕೆಂದು ಕೇಳಿದಾಗ, "ಊರಿಗೆ ನೀರು ಬರಲಿಲ್ಲವೆಂದರೆ ಮೊದಲು ಕೆರೆಯನ್ನು ನೋಡಬೇಕಲ್ಲವೆ, ಸ್ವಾಮಿ?" ಎಂದರು.

ಕಾರಿನ ಬ್ಯಾಟರಿಯಲ್ಲಿ ಆರು ಕೋಣೆಗಳಿವೆ. ಒಂದೊಂದು ಕೋಣೆಯಿಂದ ಎರಡು ವೋಲ್ಟಿಗೆ ತುಸು ಮೇಲೆ ದೊರೆಯುತ್ತದೆ. ಚೆನ್ನಾಗಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ಮೀಟರು ೧೨.೬ ವೋಲ್ಟನ್ನು ತೋರಿಸಬೇಕು. ಹನ್ನೆರಡಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆಯೆಂದೇ ಅರ್ಥ. ಎಂಜಿನ್ನು ಓಡುತ್ತಿರುವಾಗ ೧೪ರ ಆಸುಪಾಸಿಗೆ ಏರಬೇಕು. ಏರದಿದ್ದರೆ ವಿದ್ಯುತ್ತನ್ನು ಹುಟ್ಟಿಸುವ ಡೈನಮೋ ಅಥವಾ ಆಲ್ಟರ್ನೇಟರು ಕೆಲಸ ಮಾಡುತ್ತಿಲ್ಲ. ಹಳೆಯ ಡೈನಮೋ ಇರುವ ಗಾಡಿಗಳಲ್ಲಿ ಎಂಜಿನ್ನು ಮೆಲ್ಲಗೆ ಓಡುವಾಗ ಹುಟ್ಟುವಳಿ ಇರುವುದೇ ಇಲ್ಲ. ಆದುದರಿಂದಲೇ ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಕುಗ್ಗುವುದೂ, ಹೊರಟೊಡನೆ ಬೆಳಗುವುದೂ ಅಂಥ ಗಾಡಿಗಳಲ್ಲಿ ರೋಗವಲ್ಲ, ಸ್ವಭಾವ. ನಮ್ಮ ಪದ್ಮಿನಿಯಲ್ಲಿ ಕೆರೆ ತುಂಬಿತ್ತು. ದೀಪಗಳನ್ನು ಹೊತ್ತಿಸಿ ಅಳೆದಾಗ ಬ್ಯಾಟರಿಯ ಬಾಯಲ್ಲಿ ೧೨.೨ ವೋಲ್ಟಿತ್ತು. ಎಡದೀಪದ ಎರಡು ತುದಿಗಳ ನಡುವೆ ಅಳೆದರೆ ೧೦.೧! ಎರಡು ವೋಲ್ಟಿಗೂ ಮೀರಿ ದಾರಿಯಲ್ಲಿಯೇ ಕಳುವಾಗಿತ್ತು.

ಎರಡು ವೋಲ್ಟು ಹೋದರೆ ಏನು ಮಹಾ ಎಂದು ತೋರಬಹುದು. ತಂತಿಯು ಕಾದು ಬೆಳಗುವ ಬಲ್ಬಿನಲ್ಲಿ ಬೆಳಕು ವೋಲ್ಟಿನಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಬಹಳ ವೇಗವಾಗಿ ಇಳಿಯುತ್ತದೆ. ವೋಲ್ಟು ನೂರಕ್ಕೆ ಹತ್ತರಷ್ಟು ತಗ್ಗಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ತಗ್ಗುತ್ತದೆ. ನಮ್ಮ ಎಡದೀಪಕ್ಕೆ ತಲಪುತ್ತಿದ್ದ ವೋಲ್ಟಿನಲ್ಲಿ ಅದರ ಬೆಳಕು ಸುಮಾರು ಅರ್ಧವಾಗಿತ್ತು. ಬಲ್ಬು ಹೊಸದು, ಎರಡು ತಿಂಗಳ ಹಿಂದೆಯಷ್ಟೇ ಹಾಕಿಸಿದ್ದದ್ದು. ಇನ್ನೂ ಹತ್ತು ಬಲ್ಬುಗಳನ್ನು ಬದಲಾಯಿಸಿದ್ದರೂ ಅಷ್ಟೇ ಆಗುತ್ತಿತ್ತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಮನೆಯ ದೀಪಕ್ಕೆ ಎರಡು ತಂತಿಗಳು ಹೋಗುವುದನ್ನು ಎಲ್ಲರೂ ಬಲ್ಲರು: ಒಂದರಲ್ಲಿ ವಿದ್ಯುತ್ತು ಬರುತ್ತದೆ, ಇನ್ನೊಂದರಲ್ಲಿ ಮರಳುತ್ತದೆ. ಕಾರಿನಲ್ಲಿಯಾದರೋ ಹೋಗುವುದಕ್ಕೆ ಮಾತ್ರ ತಂತಿ. ಮರಳುವುದಕ್ಕೆ ಗಾಡಿಯ ಕಬ್ಬಿಣದ ಒಡಲೇ ದಾರಿ. ಬ್ಯಾಟರಿಯ ಒಂದು ಧ್ರುವವನ್ನು ದಪ್ಪ ಪಟ್ಟಿಯಿಂದ ಒಡಲಿಗೆ ಬಿಗಿದಿರುತ್ತಾರೆ. ಪ್ರತಿಯೊಂದು ದೀಪದಿಂದಲೂ ಒಂದು ಗಿಡ್ಡ ತಂತಿಯನ್ನು ಹತ್ತಿರದ ತಗಡಿಗೆ ತಿರುಪಿನಿಂದ ಸೇರಿಸಿರುತ್ತಾರೆ. ಇದನ್ನೇ ಮೆಕ್ಯಾನಿಕರು ಅರ್ತು ಎನ್ನುತ್ತಾರೆ. ಇದರಿಂದ ತಂತಿಯೂ ಹಣವೂ ಉಳಿಯಿತು, ನಿಜ. ಆದರೆ ನಲವತ್ತು ಮಳೆಗಾಲಗಳನ್ನು ಕಂಡ ತಗಡಿಗೂ ಆ ತಿರುಪಿಗೂ ನಡುವೆ ತುಕ್ಕಿನ ಪೊರೆ ಬೆಳೆಯದೆ ಇರುತ್ತದೆಯೆ? ಬೆಂಗಳೂರಿನ ಪಶ್ಚಿಮ ಭಾಗದ ರಸ್ತೆಗಳಲ್ಲಿ ಮಳೆಗಾಲದ ಕೆಸರು ಚಕ್ರದಿಂದೆದ್ದು ನೇರವಾಗಿ ಹೊಡೆಯುವುದು ಆ ತಿರುಪುಗಳಿಗೇ. ಜನರು ದೀಪವನ್ನು ಬೈಯುತ್ತಾರೆ, ತಂತಿಯನ್ನು ಬೈಯುತ್ತಾರೆ. ಮರಳಿ ಹೋಗುವ ದಾರಿಯನ್ನು ಯಾರೂ ನೋಡುವುದಿಲ್ಲ. ಹಳೆಯ ಕಾರುಗಳ ದೀಪದ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿಯೇ ಅಡಗಿರುತ್ತವೆಂಬುದು ಹಿರಿಯರ ಮತ; ಈಚೆಗೆ ನಮ್ಮ ಮತವೂ ಹೌದು.

ಅದನ್ನು ಕಂಡುಹಿಡಿಯುವ ಕ್ರಮ ಇಷ್ಟು ಸುಲಭವೆಂದು ನಾವು ಭಾವಿಸಿರಲಿಲ್ಲ. ದೀಪ ಹೊತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣಧ್ರುವಕ್ಕೂ, ಇನ್ನೊಂದನ್ನು ದೀಪದ ಅರ್ತು ತುದಿಗೂ ಮುಟ್ಟಿಸತಕ್ಕದ್ದು. ದಾರಿ ಶುದ್ಧವಾಗಿದ್ದರೆ ಮೀಟರು ೦.೨ ವೋಲ್ಟನ್ನು ಮೀರಬಾರದು. ನಮ್ಮಲ್ಲಿ ಅದು ೧.೬ ತೋರಿಸಿತು. ಹಿರಿಯರು ಕಡ್ಡಿಯನ್ನು ತಂತಿಯ ತುದಿಯಿಂದ ತಿರುಪಿಗೆ, ತಿರುಪಿನಿಂದ ಪಕ್ಕದ ತಗಡಿಗೆ ಅಂಗುಲ ಅಂಗುಲವಾಗಿ ಸರಿಸುತ್ತ ಹೋದರು. ತಗಡನ್ನು ಕೆರೆದು ಮುಟ್ಟಿಸಿದೊಡನೆ ಮುಳ್ಳು ಸೊನ್ನೆಯ ಬಳಿಗೆ ಬಿದ್ದಿತು. ಕಳ್ಳ ಆ ತಿರುಪಿನ ಕೆಳಗೇ ಕುಳಿತಿದ್ದನು. ಬಿಚ್ಚಿ ನೋಡಿದರೆ, ಹಿಂದೆ ಯಾವಾಗಲೋ ಗಾಡಿಗೆ ಬಣ್ಣ ಬಳಿದವರು ಅರ್ತಿನ ಉಂಗುರದ ಕೆಳಗೂ ಬಣ್ಣವನ್ನು ಬಳಿದಿದ್ದರು. ಬಣ್ಣದ ಬಿರುಕಿನಲ್ಲಿ ನೀರಿಳಿದು ಕೆಂಪಗೆ ತುಕ್ಕು ಹಿಡಿದಿತ್ತು. ಮರಳುಕಾಗದದಿಂದ ತಗಡು ಹೊಳೆಯುವಂತೆ ಉಜ್ಜಿ, ಉಂಗುರವನ್ನು ಬಿಗಿದು, ನೀರು ಸೋಕದಂತೆ ಮೇಲೆ ವ್ಯಾಸಲೀನು ಸವರಿದೆವು. ದೀಪಕ್ಕೆ ೧೧.೭ ವೋಲ್ಟು ತಲಪಿತು. ಎದುರಿನ ಗೋಡೆಯ ಮೇಲೆ ಬೆಳಕು ಬಿದ್ದ ರೀತಿಯನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಖರ್ಚಾದದ್ದು ಅರ್ಧ ಹಾಳೆ ಮರಳುಕಾಗದ.

ಬ್ರೇಕನ್ನು ತುಳಿದರೆ ತಿರುವಿನ ದೀಪ ಹೊತ್ತುತ್ತಿದ್ದ ವಿಚಿತ್ರವೂ ಇದೇ ಜಾತಿಯದು. ಹಿಂಬದಿಯ ದೀಪದ ಗೂಡಿನಲ್ಲಿ ಬ್ರೇಕಿಗೆ, ರಾತ್ರಿಗೆ, ತಿರುವಿಗೆ ಬೇರೆ ಬೇರೆ ಎಳೆಗಳಿದ್ದರೂ ಅವುಗಳೆಲ್ಲಕ್ಕೂ ಮರಳುವ ದಾರಿ ಒಂದೇ. ಆ ದಾರಿ ತುಕ್ಕಿನಿಂದ ಮುಚ್ಚಿಹೋದರೆ, ಬ್ರೇಕಿನ ಎಳೆಗೆ ಬಂದ ವಿದ್ಯುತ್ತು ಸುಮ್ಮನೆ ನಿಲ್ಲುವುದಿಲ್ಲ; ಪಕ್ಕದ ಎಳೆಯೊಳಗೆ ಹಿಮ್ಮುಖವಾಗಿ ನುಗ್ಗಿ, ಅದರ ತಂತಿಯನ್ನು ಹಿಡಿದು, ಎಲ್ಲಿಯಾದರೂ ಒಡಲು ಸಿಕ್ಕುವವರೆಗೆ ಸುತ್ತಿಕೊಂಡು ಹೋಗುತ್ತದೆ. ಬೀದಿಯ ಬಾಗಿಲು ಮುಚ್ಚಿದ್ದರೆ ನೆಂಟರು ನೆರೆಮನೆಯ ಹಿತ್ತಲನ್ನು ಹಾದು ಬರುವಂತೆ. ದಾರಿ ಉದ್ದವಾಗಿ, ಎರಡು ಎಳೆಗಳನ್ನು ಹಾಯಬೇಕಾದುದರಿಂದ ಎರಡೂ ಮಂಕಾಗಿ ಬೆಳಗುತ್ತವೆ, ಇಲ್ಲವೆ ಒಂದು ಕಾಣುವಷ್ಟೂ ಬೆಳಗುವುದಿಲ್ಲ. ಒಂದು ದೀಪವನ್ನು ಕೇಳಿದರೆ ಇನ್ನೊಂದು ಉತ್ತರ ಕೊಡುವ ಗಾಡಿಯನ್ನು ಕಂಡರೆ ವಾಚಕರು ಮೊದಲು ಗೂಡಿನ ಅರ್ತನ್ನು ಉಜ್ಜಲಿ. ಸ್ವಿಚ್ಚುಗಳನ್ನು ಬಿಚ್ಚುವ ಶ್ರಮ ಬಹುಶಃ ತಪ್ಪುತ್ತದೆ.

ನಮ್ಮ ನಗರಕ್ಕೆ ವಿದ್ಯುದ್ದೀಪದ ಪರಿಚಯ ಹೊಸದಲ್ಲ. ೧೯೦೫ರ ಆಗಸ್ಟ್ ೫ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿದಾಗ, ಲೋಕದ ಮೋಟಾರುಗಾಡಿಗಳು ಇನ್ನೂ ಕಾರ್ಬೈಡ್ ದೀಪಗಳನ್ನೇ ನೆಚ್ಚಿಕೊಂಡಿದ್ದವು. ಸುಣ್ಣದಂಥ ಕಾರ್ಬೈಡ್ ಹರಳುಗಳ ಮೇಲೆ ನೀರು ತೊಟ್ಟಿಕ್ಕಿಸಿ, ಹುಟ್ಟಿದ ಅನಿಲಕ್ಕೆ ಬೆಂಕಿ ಕಡ್ಡಿ ಗೀರಿ ಹೊತ್ತಿಸಬೇಕಾಗಿತ್ತು. ೧೯೧೨ರಲ್ಲಿ ಅಮೆರಿಕದ ಕ್ಯಾಡಿಲಾಕ್ ಗಾಡಿಯಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬಾತನು ಕೈಯಿಂದ ತಿರುಗಿಸದೆ ವಿದ್ಯುತ್ತಿನಿಂದಲೇ ಎಂಜಿನ್ನನ್ನು ಎಬ್ಬಿಸುವ ಏರ್ಪಾಡು ಮಾಡಿದ ಬಳಿಕ, ಪ್ರತಿ ಗಾಡಿಯೂ ತನ್ನೊಳಗೊಂದು ಬ್ಯಾಟರಿಯನ್ನೂ ಡೈನಮೋವನ್ನೂ ಹೊತ್ತು ತಿರುಗುವ ಸಣ್ಣ ವಿದ್ಯುದಾಗಾರವಾಯಿತು. ದೀಪಗಳೂ ಆ ಸಂಸಾರಕ್ಕೆ ಸೇರಿದವು. ಅಂದಿನಿಂದ ಸುಖವೂ ಬಂದಿತು. ತುಕ್ಕು ಹಿಡಿದ ತಿರುಪಿನ ತಾಪತ್ರಯವೂ ಬಂದಿತು.

ಈ ತಾಪತ್ರಯವನ್ನು ಇಂಗ್ಲೆಂಡಿನ ಗಾಡಿಗಳ ಅಭಿಮಾನಿಗಳು ಬಹುಕಾಲದಿಂದ ಜೋಸೆಫ್ ಲೂಕಸ್ ಎಂಬವರ ತಲೆಗೆ ಕಟ್ಟಿ ನಗುತ್ತ ಬಂದಿದ್ದಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ತಳ್ಳುಗಾಡಿಯಲ್ಲಿ ಸೀಮೆಯೆಣ್ಣೆ ಮಾರುತ್ತ ಮೇಲೆ ಬಂದು, ಸೈಕಲ್ಲಿನ ದೀಪಕ್ಕೆ 'ರಸ್ತೆಯ ರಾಜ' ಎಂಬರ್ಥದ ಹೆಸರಿಟ್ಟ ಆ ಪುಣ್ಯಾತ್ಮನಿಗೆ ಪರಿಹಾಸಗಾರರು 'ಕತ್ತಲೆಯ ರಾಜಕುಮಾರ' ಎಂಬ ಬಿರುದನ್ನು ಕೊಟ್ಟರು. ಇದು ಅನ್ಯಾಯವೆಂದೇ ನಮ್ಮ ಭಾವನೆ. ನೂರು ತಿರುಪುಗಳನ್ನು ಐವತ್ತು ವರ್ಷ ಮಳೆಯಲ್ಲಿ ನಿಲ್ಲಿಸಿದರೆ ಯಾವ ಸಂಸ್ಥೆಯ ಸರಕಾದರೂ ಕತ್ತಲೆಯನ್ನೇ ಕೊಟ್ಟೀತು. ಮೋರಿಸ್ ಗಾಡಿಗಳನ್ನು ಉಳಿಸಿಕೊಂಡಿರುವವರಿಗೆ ಮಾತ್ರ ಒಂದು ಎಚ್ಚರಿಕೆ ಅಗತ್ಯ: ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಋಣಧ್ರುವವನ್ನಲ್ಲ, ಧನಧ್ರುವವನ್ನು ಒಡಲಿಗೆ ಸೇರಿಸುತ್ತಿದ್ದರು. ಅದನ್ನು ನೋಡದೆ ಇಂದಿನ ಉಪಕರಣಗಳನ್ನು ಜೋಡಿಸಿದರೆ ಅವು ಸುಟ್ಟುಹೋದಾವು. ಅಲ್ಲದೆ ಅವುಗಳಲ್ಲಿ ಸಾಮಾನ್ಯವಾಗಿ ಎರಡೇ ಫ್ಯೂಸುಗಳು. ಮುಂದಿನ ದೀಪಗಳಿಗೆ ಅವುಗಳ ರಕ್ಷಣೆಯೂ ಇರುತ್ತಿರಲಿಲ್ಲ.

ಫ್ಯೂಸಿನ ಮಾತು ಬಂದುದರಿಂದ, ಕಾಮಾಕ್ಷಿಪಾಳ್ಯದ ಅಂಗಡಿಯಲ್ಲಿ ನಮ್ಮನ್ನು ನಿಜವಾಗಿ ನಡುಗಿಸಿದ ಸಂಗತಿಯನ್ನು ಹೇಳಬೇಕು. ಅದು ಅರ್ತಿಗೆ ಸಂಬಂಧಿಸಿದ್ದಲ್ಲ. ಬಲದೀಪದ ಹಿಂದಿನ ತಂತಿಯ ಮೇಲ್ಹೊದಿಕೆ ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಬಲ್ಬನ್ನು ತೆಗೆದು ನೋಡಿದರೆ ೧೦೦ ವಾಟಿನದು. ಗಾಡಿಯೊಡನೆ ಬಂದದ್ದು ೪೫ ವಾಟಿನ ಬಲ್ಬು. ಬೆಳಕು ಸಾಲದೆಂದು ಹಿಂದೆ ಯಾರೋ ರಿಪೇರಿಯವರು ದೊಡ್ಡ ಬಲ್ಬನ್ನು ಸಿಕ್ಕಿಸಿ ಬಿಟ್ಟಿದ್ದರು. ಲೆಕ್ಕ ಸರಳವಾದುದು: ೪೫ ವಾಟನ್ನು ೧೨ ವೋಲ್ಟಿನಿಂದ ಭಾಗಿಸಿದರೆ ೩.೭೫ ಆಂಪಿಯರು, ೧೦೦ ವಾಟಿನದು ಎಂಟಕ್ಕೂ ಮೀರಿ ಎಳೆಯುತ್ತದೆ. ಫಿಯಟ್ಟಿನವರು ಎರಡು ತುದಿಯೂ ಚೂಪಾದ ಸಣ್ಣ ಫ್ಯೂಸುಗಳನ್ನಿಟ್ಟು, ಅಳತೆ ಮೀರಿದರೆ ಕರಗಲೆಂದು ವ್ಯವಸ್ಥೆ ಮಾಡಿದ್ದರು. ಆ ಫ್ಯೂಸು ಪದೇ ಪದೇ ಕರಗಿತೆಂದು ಅದರ ಮೇಲೆ ಸಿಗರೇಟಿನ ಪೆಟ್ಟಿಗೆಯ ಬೆಳ್ಳಿ ಕಾಗದವನ್ನು ಸುತ್ತಿದ್ದರು! ಕರಗಬೇಕಾದದ್ದನ್ನು ಕರಗದಂತೆ ಮಾಡಿದ ಮೇಲೆ ಕರಗುವುದಕ್ಕೆ ಉಳಿದದ್ದು ತಂತಿ. ಅದರ ಪಕ್ಕದಲ್ಲಿಯೇ ಪೆಟ್ರೋಲಿನ ರಬ್ಬರು ಕೊಳವೆ ಹಾದುಹೋಗಿತ್ತು. ಹಿರಿಯರು ಬೆಳ್ಳಿ ಕಾಗದವನ್ನು ಅಂಗೈಯಲ್ಲಿಟ್ಟು ನಮಗೆ ತೋರಿಸಿ, ಏನೂ ಹೇಳದೆ ಕೆಲಸಕ್ಕೆ ಕುಳಿತರು. ನಮ್ಮ ಹಿಂದಿನ ಆಸನದಲ್ಲಿ ಆ ಸಂಜೆ ಯಾರು ಯಾರು ಕುಳಿತಿದ್ದರೆಂಬುದನ್ನು ಅವರಿಗೆ ನಾವು ಹೇಳಿರಲಿಲ್ಲ.

ಬೆಳಕು ಹೆಚ್ಚು ಬೇಕೆನ್ನುವವರಿಗೆ ಬೇರೆ ಮಾರ್ಗವುಂಟು. ಹಳೆಯ ಗಾಡಿಗಳಲ್ಲಿ ದೀಪದ ವಿದ್ಯುತ್ತೆಲ್ಲವೂ ಬ್ಯಾಟರಿಯಿಂದ ಹೊರಟು, ಸ್ಟೀರಿಂಗಿನ ಬಳಿಯ ಸಣ್ಣ ಸ್ವಿಚ್ಚನ್ನು ಹಾಯ್ದು, ಮತ್ತೆ ಮುಂದಕ್ಕೆ ದೀಪಕ್ಕೆ ಬರಬೇಕು. ಅಷ್ಟು ದೂರದ ತೆಳು ತಂತಿಯಲ್ಲಿಯೂ ಸವೆದ ಸ್ವಿಚ್ಚಿನಲ್ಲಿಯೂ ಸ್ವಲ್ಪ ಸ್ವಲ್ಪವೇ ವೋಲ್ಟು ಸೋರುತ್ತದೆ. ರಿಲೇ ಎಂಬ ಚಿಕ್ಕ ಪೆಟ್ಟಿಗೆಯನ್ನು ದೀಪಗಳ ಬಳಿಯಲ್ಲಿಯೇ ಇಟ್ಟರೆ, ಸ್ವಿಚ್ಚು ಆ ಪೆಟ್ಟಿಗೆಗೆ ಅಪ್ಪಣೆಯನ್ನು ಮಾತ್ರ ಕಳುಹಿಸುತ್ತದೆ. ದೀಪದ ಭಾರವನ್ನು ಬ್ಯಾಟರಿಯಿಂದ ನೇರವಾಗಿ ಬಂದ ದಪ್ಪ ತಂತಿ ಹೊರುತ್ತದೆ. ಆ ತಂತಿಗೆ ಅದರದೇ ಫ್ಯೂಸು ಇರತಕ್ಕದ್ದು. ನಮ್ಮ ಗಾಡಿಗೆ ಹಾಗೆಯೇ ಮಾಡಿಸಿದೆವು. ಬಲ್ಬುಗಳು ಮರಳಿ ೪೫ ವಾಟಿನವಾದವು. ಬೆಳಕು ೧೦೦ ವಾಟಿನವು ಕೊಡುತ್ತಿದ್ದುದಕ್ಕಿಂತ ಕಡಮೆಯೆಂದು ನಮಗೆ ತೋರಲಿಲ್ಲ. ಬೇಕಾದ ರಿಲೇ, ತಂತಿ, ಫ್ಯೂಸುಗಳೆಲ್ಲವೂ ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದೇ ಬೆಳಗ್ಗೆ ದೊರೆತವು.

ತಾವೇ ಕೈಹಾಕುವ ಉತ್ಸಾಹವುಳ್ಳ ವಾಚಕರಿಗೆ ಎರಡು ಮಾತು. ಕೆಲಸಕ್ಕೆ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಬೇಕಷ್ಟೆ. ಆಗ ಒಡಲಿಗೆ ಸೇರಿದ ಧ್ರುವವನ್ನೇ ಮೊದಲು ಬಿಚ್ಚಿ, ಕೊನೆಯಲ್ಲಿ ಅದನ್ನೇ ಕಟ್ಟತಕ್ಕದ್ದು. ಇನ್ನೊಂದು ಧ್ರುವವನ್ನು ಮೊದಲು ಮುಟ್ಟಿದರೆ, ಸ್ಪ್ಯಾನರು ಜಾರಿ ತಗಡಿಗೆ ತಗುಲಿದೊಡನೆ ಬೆಸುಗೆಯಂತೆ ಕಿಡಿ ಸಿಡಿಯುತ್ತದೆ. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ಸೋಕಿದರೆ ಅದು ಸಿಡಿಯುವುದುಂಟು. ಬೀಡಿಯನ್ನು ಬಾಯಲ್ಲಿಟ್ಟುಕೊಂಡು ಬಾನೆಟ್ಟಿನೊಳಗೆ ಬಗ್ಗುವವರನ್ನು ಕಂಡರೆ ದೂರದಿಂದಲೇ ಕೂಗಿ ಎಚ್ಚರಿಸಬೇಕು.

ರಾತ್ರಿ ನಿಲ್ಲಿಸಿದ ಗಾಡಿ ನಾಲ್ಕು ದಿನಗಳಲ್ಲಿ ಬ್ಯಾಟರಿಯನ್ನು ಬರಿದುಮಾಡುತ್ತದೆಂಬ ದೂರನ್ನೂ ಬಹಳ ಕಡೆ ಕೇಳುತ್ತೇವೆ. ಬಾಗಿಲು ಸರಿಯಾಗಿ ಮುಚ್ಚದೆ ಒಳಗಿನ ಐದು ವಾಟಿನ ದೀಪವೊಂದು ಉರಿಯುತ್ತಲೇ ಇದ್ದರೆ, ದಿನಕ್ಕೆ ಹತ್ತು ಆಂಪಿಯರ್-ಗಂಟೆಗಳಷ್ಟು ಖರ್ಚು. ನಲವತ್ತರ ಬ್ಯಾಟರಿಗೆ ನಾಲ್ಕೇ ದಿನ. ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಗಾಡಿಯಲ್ಲಿ ಎಲ್ಲವನ್ನೂ ಆರಿಸಿ, ಬ್ಯಾಟರಿಯ ತಂತಿಯ ನಡುವೆ ಆಂಪಿಯರು ಅಳೆಯುವ ಮೀಟರನ್ನಿಟ್ಟು, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವುದೇ ಮಾರ್ಗ. ಯಾವುದನ್ನು ಕಿತ್ತಾಗ ಮುಳ್ಳು ಬೀಳುವುದೋ ಆ ಮನೆಯಲ್ಲಿ ಸೋರಿಕೆ.

ಹಳೆಯ ಗಾಡಿಗಳಿಗೆ ಸರಕಾರದ ವಿಶೇಷ ಕೃಪೆಯಿದೆಯಲ್ಲವೆ ಎಂದು ಕೆಲವರು ನಮ್ಮನ್ನು ಕೇಳುತ್ತಾರೆ. ೨೦೨೧ರ ಕೇಂದ್ರ ನಿಯಮಗಳು ಐವತ್ತು ವರ್ಷ ದಾಟಿದ ಗಾಡಿಗಳನ್ನು ಮಾತ್ರ 'ವಿಂಟೇಜ್' ಎಂದು ಎಣಿಸುತ್ತವೆ. ಅವುಗಳನ್ನು ದಿನವೂ ರಸ್ತೆಯಲ್ಲಿ ಓಡಿಸುವಂತೆಯೂ ಇಲ್ಲ. ನಮ್ಮ ಪದ್ಮಿನಿಗೆ ಇನ್ನೂ ಆ ವಯಸ್ಸು ಬಂದಿಲ್ಲ. ಅದು ಎಲ್ಲ ಗಾಡಿಗಳಂತೆಯೇ ಅರ್ಹತಾ ಪರೀಕ್ಷೆಗೆ ನಿಲ್ಲಬೇಕು. ಅಲ್ಲಿ ಮೊದಲು ನೋಡುವ ಸಂಗತಿಗಳಲ್ಲಿ ದೀಪವೂ ಒಂದು.

ಹಿರಿಯರಿಗೆ ಈಗ ಎಪ್ಪತ್ತರ ಮೇಲಾಗಿದೆ. ಅವರ ಅಂಗಡಿಯಲ್ಲಿ ಕಲಿಯುತ್ತಿರುವ ಹುಡುಗನೊಬ್ಬನಿದ್ದಾನೆ. ಅವನಿಗೆ ಮೀಟರು ಹಿಡಿಯಲು ಬರುತ್ತದೆ, ಆದರೆ ವಿದ್ಯುತ್ತಿನ ಬಸ್ಸುಗಳ ಕೆಲಸಕ್ಕೆ ಸೇರಬೇಕೆಂಬ ಆಸೆಯಿದೆ. ಅದು ತಪ್ಪೆಂದು ನಾವು ಹೇಳಲಾರೆವು. ಮುಂದಿನ ವಾರ ಒರೆಸುವ ಕಡ್ಡಿಗಳ ಮೋಟಾರನ್ನು ಬಿಚ್ಚುವುದಾಗಿ ಹಿರಿಯರು ಹೇಳಿದ್ದಾರೆ. ಆಲಸ್ಯಕ್ಕೆ ಅಲ್ಲಿಯೂ ಅರ್ತೇ ಕಾರಣವಿರಬಹುದೆಂದು ಅವರ ಊಹೆ. ಮಳೆಗಾಲಕ್ಕೆ ಮೊದಲು ಅದನ್ನು ಅಳೆದು ನೋಡಬೇಕಾಗಿದೆ.